ರಿಜೆಕ್ಷನ್ ಪುಸ್ತಕದಲ್ಲಿ 2, ಗೋಣಿಚೀಲದ ಅಡಿಯಲ್ಲಿ 7: ಕಾರ್ಖಾನೆಯ ಒಳಮನಸ್ಸು ತಿಳಿಯುವುದು ಹೇಗೆ?

ಉದ್ಯಮಬಾಗದ ಮ್ಯಾನೇಜರ್:

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ, ಲೋಹ ಕರಗಿಸಿ ಮರಳಿನ ಅಚ್ಚಿಗೆ ಎರೆಯುವ ಕಾರ್ಖಾನೆ. ಎರಡು ಪಾಳಿ, ಅರವತ್ತು ಚಿಲ್ಲರೆ ಜನ. ಎಂಟು ತಿಂಗಳ ಹಿಂದೆ ಮ್ಯಾನೇಜರ್ ಆಗಿ ಸೇರಿದೆ. ಬಂದಾಗಿನಿಂದ ಫರ್ನೇಸಿಗೆ ಹಾಕಿದ ಲೋಹದ ತೂಕಕ್ಕೂ ಹೊರಬಂದ ಮಾಲಿನ ತೂಕಕ್ಕೂ ತಾಳೆ ಬೀಳುತ್ತಿಲ್ಲ. ಕಳೆದ ವಾರ ಜಡಿಮಳೆಯಲ್ಲೇ ಬೆಳಗಿನ ಐದಕ್ಕೆ ಹೋದೆ. ಮರಳಿನ ರಾಶಿಯ ಹಿಂದೆ ಒಂದು ಒದ್ದೆ ಗೋಣಿಚೀಲ ಹಬೆಯಾಡುತ್ತಿತ್ತು. ಎತ್ತಿ ನೋಡಿದರೆ ಪಂಪಿನ ಏಳು ಹೌಸಿಂಗ್‌ಗಳು, ಮೈತುಂಬ ಬ್ಲೋಹೋಲ್, ಅಂದರೆ ಒಳಗೆ ಗಾಳಿ ಸಿಕ್ಕಿ ಆದ ತೂತು. ಮಳೆಗಾಲದಲ್ಲಿ ಮರಳಿನ ತೇವ ಮಿತಿ ಮೀರಿದರೆ ಹೀಗಾಗುವುದೇ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ರಾತ್ರಿಯ ಪುಸ್ತಕದಲ್ಲಿ ರಿಜೆಕ್ಷನ್ ಎಂದು ಬರೆದಿದ್ದದ್ದು ಎರಡೇ. ಉಳಿದವು ಮುಂದಿನ ಪಾಳಿಯಲ್ಲಿ ಸದ್ದಿಲ್ಲದೆ ಮತ್ತೆ ಫರ್ನೇಸಿಗೆ ಬೀಳುತ್ತವೆ.

ಜನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ನಾನು ಸುಮ್ಮನೆ ಕುಳಿತಿಲ್ಲ. ಪ್ರಶ್ನೆಗಳ ಹಾಳೆ ಹಂಚಿದೆ. ಅರವತ್ತೂ ಹಾಳೆಗಳು 'ತುಂಬಾ ತೃಪ್ತಿ' ಎಂದು, ಒಂದೇ ಹಸಿರು ಪೆನ್ನಿನಲ್ಲಿ ತುಂಬಿ ಬಂದವು. ಹಾಳೆ ಇದ್ದದ್ದು ಕನ್ನಡದಲ್ಲಿ. ಮೋಲ್ಡರ್‌ಗಳಲ್ಲಿ (ಅಚ್ಚು ಮಾಡುವವರು) ಅರ್ಧ ಜನ ಮರಾಠಿಯವರು, ಹೆಲ್ಪರ್ ಹುಡುಗರು ಬಿಹಾರದವರು. ಸಲಹಾ ಪೆಟ್ಟಿಗೆ ಇಟ್ಟೆ. ಮೂರು ತಿಂಗಳಿಗೆ ಒಂದು ಬಸ್ ಟಿಕೆಟ್ ಸಿಕ್ಕಿತು. ಟೊಯೋಟಾದಲ್ಲಿ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಎಂದು ಎಲ್ಲೋ ಕೇಳಿ ಬಂದ ಮಾಲೀಕರು ಮೋಲ್ಡಿಂಗ್ ವಿಭಾಗದಲ್ಲಿ ಒಂದು ಕೆಂಪು ದೀಪ, ಗುಂಡಿ ಹಾಕಿಸಿದ್ದಾರೆ. ಇದುವರೆಗೆ ಅದನ್ನು ಒತ್ತಿದವನು ಎಲೆಕ್ಟ್ರಿಷಿಯನ್ ಒಬ್ಬನೇ.

ಇನ್ನೇನು ಮಾಡಲಿ? ಹೇಳಲು ಮರೆತೆ: ಪುಸ್ತಕಕ್ಕೆ ಬಂದ ರಿಜೆಕ್ಷನ್‌ಗೆ ಮೋಲ್ಡರ್‌ನ ಸಂಬಳದಲ್ಲಿ ಸ್ವಲ್ಪ ಹಿಡಿಯುವ ಪದ್ಧತಿ ನಾನು ಬರುವ ಮೊದಲಿನಿಂದಲೂ ಇದೆ.

ಇಳಕಲ್ಲಿನವ:

ಕೊನೆಯಲ್ಲಿ ಮರೆತು ಬರೆದ ಸಾಲನ್ನು ನೀವು ಮೊದಲು ಬರೆಯಬೇಕಿತ್ತು ಸರ್. ಸತ್ಯ ಬರೆದವನ ಸಂಬಳ ಕತ್ತರಿಸಿ, ಆಮೇಲೆ ಅವನ ಮನಸ್ಸಿನಲ್ಲಿ ಏನಿದೆ ಎಂದು ಹಾಳೆ ಹಂಚಿ ಕೇಳುತ್ತೀರಲ್ಲ! ಕಾನೂನೂ ನಿಮ್ಮ ಕಡೆಗಿಲ್ಲ. ಹಾನಿಗೆಂದು ಕಡಿತ ಮಾಡುವ ಮುನ್ನ ಕಾರ್ಮಿಕನ ಮಾತು ಕೇಳಲೇಬೇಕು, ಹಾನಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು. ದಂಡವಾದರೆ ವೇತನದ ಶೇ 3ನ್ನು ಮೀರುವಂತಿಲ್ಲ. ಹಳೆಯ ವೇತನ ಪಾವತಿ ಕಾಯ್ದೆಯಲ್ಲೂ ಇದಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಮಳೆಗೆ ಮರಳು ಒದ್ದೆಯಾದರೆ ಅದು ಮೋಲ್ಡರ್‌ನ ತಪ್ಪೇ?

ಗೇಟಿನ ಮೇಲೆ 'ಕಾಯಕವೇ ಕೈಲಾಸ' ಎಂಬ ಬೋರ್ಡ್ ಇದೆಯೇ? ನಮ್ಮಲ್ಲಿತ್ತು, ಅದಕ್ಕೆ ಕೇಳಿದೆ.

ಹಳೆಯ ಫೋರ್‌ಮನ್, ಖಾನಾಪುರ ರಸ್ತೆ:

ತಮ್ಮಾ, ನಾನು 31 ವರ್ಷ ಮಷೀನ್ ಶಾಪಿನಲ್ಲಿ ದುಡಿದವನು. ಗೋಣಿಚೀಲದ ಅಡಿಯಲ್ಲಿ ಮಾಲು ಮುಚ್ಚಿಟ್ಟವರ ಪೈಕಿ ನಾನೂ ಒಬ್ಬ, ಹಾಗಾಗಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ರಾತ್ರಿ ಪಾಳಿಯಲ್ಲಿ ತೂತಿನ ಒಳ ಅಳತೆ ನೋಡುವ ಬೋರ್ ಗೇಜ್ ತೆಗೆಯಲು ಕೈ ಚಾಚಿದೆ. ಅದರ ಪೆಟ್ಟಿಗೆ ಇದ್ದದ್ದು ತಲೆಗಿಂತ ಮೇಲಿನ ಹಲಗೆಯ ಮೇಲೆ, ಕೈಗೆ ಎಣ್ಣೆ. ಜಾರಿ ಫರಸಿ ಕಲ್ಲಿಗೆ ಬಿತ್ತು. ಸುತ್ತ ನೋಡಿದೆ, ಒರೆಸಿದೆ, ಮುಳ್ಳು ಆಡುತ್ತದೆ ಎಂದು ನೋಡಿ ಪೆಟ್ಟಿಗೆಯಲ್ಲಿಟ್ಟೆ. ಎರಡು ದಿನ ಆ ಗೇಜಿನಿಂದಲೇ ಅಳೆದೆವು. ಅಷ್ಟೂ ಲೈನರ್ ಕೊಳವೆಗಳು ಅಳತೆ ಮೀರಿ ದೊಡ್ಡದಾಗಿ ಬೋರ್ ಆಗಿ ಗುಜರಿಗೆ ಹೋದವು. ಅಂದಿನ ಸಾಹೇಬರು ನಮ್ಮನ್ನು ಸಾಲಾಗಿ ನಿಲ್ಲಿಸಿ ಕೇಳಿದ್ದು ಒಂದೇ ಮಾತು: "ಯಾರು?" ಹನ್ನೆರಡು ಜನರಲ್ಲಿ ನಾಲ್ವರಿಗೆ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಅಂದು ನನ್ನನ್ನು ಉಳಿಸಿದವರ ತಪ್ಪನ್ನು ಮುಂದೆ ನಾನು ಮುಚ್ಚಿದೆ. ಹೊರಗಿನಿಂದ ನೋಡಿದವರು ನಮ್ಮ ಶಾಪಿನಲ್ಲಿ ಬಹಳ ಒಗ್ಗಟ್ಟು ಎನ್ನುತ್ತಿದ್ದರು. ಒಗ್ಗಟ್ಟೇನೋ ಇತ್ತು.

ಕೆಲವು ವರ್ಷಗಳ ಮೇಲೆ ಬೇರೆ ಸಾಹೇಬರು ಬಂದರು. ಏನಾದರೂ ಕೆಟ್ಟರೆ ಅವರ ಮೊದಲ ಪ್ರಶ್ನೆ, "ಎಲ್ಲಿ ಕೆಟ್ಟಿತು, ತೋರಿಸು." ಅದನ್ನು ನಂಬಲು ನಮಗೆ ವರ್ಷ ಹಿಡಿಯಿತು. ಒಂದು ಸಂಜೆ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಆ ಹಳೆಯ ಗೇಜಿನ ಕಥೆ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗ್ಲಾಸ್ ಕೆಳಗಿಟ್ಟು, "ಹಲಗೆ ಇನ್ನೂ ಅಲ್ಲೇ ಇದೆಯಾ?" ಎಂದರು. ಮರುದಿನ ಮಧ್ಯಾಹ್ನದೊಳಗೆ ಹಲಗೆ ಸೊಂಟದ ಎತ್ತರಕ್ಕೆ ಇಳಿಯಿತು, ಅಡಿಗೆ ರಬ್ಬರ್ ಹಾಸಿದರು. ಆ ವಾರ ಇನ್ನಿಬ್ಬರು ತಮ್ಮ ತಮ್ಮ ಹಳೆಯ ಪಾಪಗಳನ್ನು ಹೇಳಿಕೊಂಡರು.

ಟೊಯೋಟಾದ ಹಗ್ಗದ ಮಾತು ಬರೆದಿದ್ದೀರಿ. ಅಲ್ಲಿ ಹಗ್ಗ ಎಳೆದ ಕೂಡಲೇ ತಂಡದ ಮುಖ್ಯಸ್ಥ ನೆರವಿಗೆ ಬರುತ್ತಾನೆ. ಅವನ ಕೈಲೂ ಸರಿಹೋಗದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ. ನಿಮ್ಮ ಗುಂಡಿ ಒತ್ತಿದರೆ ಯಾರು ಬರುತ್ತಾರೆ, ಬಂದು ಮೊದಲು ಏನು ಕೇಳುತ್ತಾರೆ? ಹಾಳೆ ಹಂಚುವುದನ್ನು ಬಿಡಿ. ಎರಡು ವಾರ ಪಾಳಿ ಬದಲಾಗುವ ಹೊತ್ತಿಗೆ ಮರಳಿನ ಮಿಕ್ಸರ್ ಹತ್ತಿರ ಸುಮ್ಮನೆ ನಿಲ್ಲಿ. ಹೋಗುವವನು ಬರುವವನಿಗೆ ಏನು ಹೇಳುತ್ತಾನೆ, ಯಾರನ್ನು ಕಂಡು ಮಾತು ನಿಲ್ಲಿಸುತ್ತಾನೆ, ನೋಡಿ. ನಿಮ್ಮನ್ನೇ ಕಂಡು ನಿಲ್ಲಿಸಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಿಸ್ಟರ್, ವಿಜಯಪುರ:

ಫೋರ್‌ಮನ್ ಕಾಕಾ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಾನು ವಾರ್ಡ್ ಇನ್‌ಚಾರ್ಜ್. 1990ರ ದಶಕದಲ್ಲಿ ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡಿದ್ದರೆ, ಲೆಕ್ಕದಲ್ಲಿ ಅಲ್ಲಿಯೇ ಹೆಚ್ಚು ಕಂಡಿತು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ. ಅಂಜದೆ ಹೇಳುತ್ತಿದ್ದರು ಎಂಬ ತೀರ್ಮಾನಕ್ಕೆ ಎಡ್ಮಂಡ್‌ಸನ್ ಬಂದರು.

ನಮ್ಮ ವಾರ್ಡಿನಲ್ಲಿ ಬರೆದಿಡುವ ರೂಢಿ ಶುರುವಾದಾಗ ಮೊದಲ ತಿಂಗಳ ಸಂಖ್ಯೆ ನೋಡಿ ನನ್ನ ಕೈಕಾಲು ತಣ್ಣಗಾಗಿದ್ದವು. ಮೇಲಿನವರು ಅಂದು ನನ್ನ ಮೇಲೆ ಕೂಗಾಡಿದ್ದರೆ ಎರಡನೆಯ ತಿಂಗಳು ಪುಸ್ತಕ ಖಾಲಿ ಇರುತ್ತಿತ್ತು. ಕಡಿತ ನಿಲ್ಲಿಸಿದ ಮೇಲೆ ನಿಮ್ಮ ಎರಡು ಏಳಾಗುತ್ತದೆ, ಹತ್ತೂ ಆದೀತು. ಸಂಖ್ಯೆ ಏರುವ ಮೊದಲೇ ನಿಮ್ಮ ಮಾಲೀಕರಿಗೆ ಇದನ್ನು ಹೇಳಿಡಿ. ಏರಿದ ಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಉದ್ಯಮಬಾಗದ ಮ್ಯಾನೇಜರ್:

ಎಲ್ಲರಿಗೂ ನಮಸ್ಕಾರ, ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಇಳಕಲ್ಲಿನವರೇ, ಬೋರ್ಡ್ ಇದೆ. ಹೌದು, ಗೇಟಿನ ಮೇಲೆಯೇ.

ಕಡಿತ ನಿಲ್ಲಿಸಲು ಮಾಲೀಕರು ಮೂರು ತಿಂಗಳ ಮಟ್ಟಿಗೆ ಒಪ್ಪಿದ್ದಾರೆ, ಮುಖ ಗಂಟಿಕ್ಕಿಕೊಂಡೇ. ಮಿಕ್ಸರ್ ಹತ್ತಿರ ನಿಂತೆ. ಮೊದಲ ನಾಲ್ಕು ದಿನ ನನ್ನನ್ನು ಕಂಡವರೆಲ್ಲ ಮಾತು ನುಂಗಿದರು. ಐದನೆಯ ದಿನ ಒಬ್ಬ ಹಿರಿಯ ಮೋಲ್ಡರ್ ಒಂದು ಹಿಡಿ ಮರಳನ್ನು ನನ್ನ ಅಂಗೈಗೆ ಹಾಕಿ, ಹಿಸುಕಿ ನೋಡಿ ಎಂದ. ಉಂಡೆ ಬೆರಳಿಗೆ ಅಂಟಿತು. ಮರಳಿನ ಕೊಟ್ಟಿಗೆಯ ತಗಡು ಹೋದ ವರ್ಷದಿಂದ ಸೋರುತ್ತಿದೆಯಂತೆ. ಹೇಳಿದರೆ ತೇವ ನೋಡಿಕೊಳ್ಳಬೇಕಾದವನು ನೀನೇ ಎನ್ನುತ್ತಿದ್ದರಂತೆ. ತಗಡು ಬದಲಾಯಿತು.

ಸಿಸ್ಟರ್, ನಿನ್ನೆ ರಾತ್ರಿ ಪಾಳಿಯ ಪುಸ್ತಕದಲ್ಲಿ 11 ಎಂದು ಬರೆದಿತ್ತು. ಮಾಲೀಕರು ನಾಳೆ ಕೊಲ್ಹಾಪುರದಿಂದ ಬರುತ್ತಾರೆ. ಪುಸ್ತಕ ನನ್ನ ಮೇಜಿನ ಮೇಲೇ ಇದೆ.