ಗಾಡಿ ಮೂರನೇ ಗೇರಿನಾಗ ಸಿಗಿಬಿದ್ರ ಟಿಸಿಎಂ (ಗೇರ್‌ಬಾಕ್ಸಿನ ಕಂಪ್ಯೂಟರ್) ಬದಲಿಸಬೇಕಾ?

ಕೇಳಿದವರು, ವಿಜಯಪುರ

ನಮಸ್ಕಾರ್ರಿ. ನಂದು ಎಂಟು ವರ್ಷದ ಆಟೋಮ್ಯಾಟಿಕ್ ಕಾರು, ಆರು ಗೇರಿನ ಟಾರ್ಕ್ ಕನ್ವರ್ಟರ್. ಮುಂಜಾನೆ ಚಲೋ ಓಡ್ತದ. ಮಧ್ಯಾಹ್ನ ಬಿಸಿಲಾಗ ಬಾಗಲಕೋಟಿ ಕಡೆ ಹೊಂಟ್ರ ಕೊಲ್ಹಾರದ ಸೇತುವೆ ಬರೂದ್ರೊಳಗ ಒಂದು ಝಟಕಾ ಹೊಡದು ಮೂರನೇ ಗೇರಿಗೆ ನಿಂತುಬಿಡ್ತದ, ಇಂಜಿನ್ ದೀಪ ಹತ್ತತದ. ಅರ್ಧ ತಾಸು ಬಂದ್ ಇಟ್ಟು ಚಾಲೂ ಮಾಡಿದ್ರ ಮತ್ತ ಸರಿ. ಗ್ಯಾರೇಜಿನಾಗ ಸಣ್ಣ ಸ್ಕ್ಯಾನರ್ ಹಚ್ಚಿದಾಗ ಪಿ0700 ಅಂತ ತೊಂದರಿ ಕೋಡ್ ಬಂತು. "ಟಿಸಿಎಂ ಹೋಗ್ಯಾದ, 52,000 ಆಗ್ತದ" ಅಂದ್ರು. ಅವ್ವನ್ನ ವಾರಕ್ಕ ಎರಡು ಸಲ ಡಯಾಲಿಸಿಸ್‌ಗೆ ಕರಕೊಂಡು ಹೋಗಬೇಕು, ಗಾಡಿ ನಡುದಾರ್ಯಾಗ ಕೈ ಕೊಡಬಾರದು. ಅನುಭವ ಇದ್ದವರು ಹೇಳ್ರಿ.

ಇದೇ ತ್ರಾಸು ಕಂಡವರು, ವಿಜಯಪುರ

ಈಗಽ ರೊಕ್ಕ ಕೊಡಬ್ಯಾಡ್ರಿ. ಪಿ0700 ಅನ್ನೂದು ರೋಗದ ಹೆಸರಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಏನರ ತೊಂದರಿ ಕಂಡ್ರ ಅದು ಇಂಜಿನ್ ಕಂಪ್ಯೂಟರಿಗೆ "ದೀಪ ಹಚ್ಚು" ಅಂತ ಹೇಳ್ತದ, ಆ ಸುದ್ದಿನಽ ಪಿ0700. ಅಂದ್ರ ನಿಮ್ಮ ಟಿಸಿಎಂ ಆ ಹೊತ್ತಿನಾಗ ಜೀವಂತ ಇತ್ತು, ಮಾತಾಡ್ಲಿಕತ್ತಿತ್ತು. ಖರೆ ಕೋಡ್ ಅದರ ಹೊಟ್ಟ್ಯಾಗ ಕುಂತಿರ್ತದ. ಸಣ್ಣ ಸ್ಕ್ಯಾನರ್ ಬಹುಶಃ ಇಂಜಿನ್ ಕಂಪ್ಯೂಟರ್ ಒಂದನ್ನಽ ಓದ್ಯಾದ. ಗೇರ್‌ಬಾಕ್ಸ್ ಒಳಗ ಹೊಕ್ಕು ಓದೂ ಸ್ಕ್ಯಾನರ್ ಇದ್ದವರ ಹತ್ತರ ಹೋಗ್ರಿ.

ನಂದೂ ಬಿಸಿಲಿಗೇ ಕೆಡ್ತಿತ್ತು. ನನಗೂ ಮಾಡ್ಯೂಲ್ ಅಂದ್ರ ಟಿಸಿಎಂ ಹೋಗ್ಯಾದ ಅಂತಽ ಹೇಳಿದ್ರು, ಮನಸ್ಸು ಒಪ್ಪಲಿಲ್ಲ. ಸ್ಕ್ಯಾನರ್ ಹಚ್ಚಿಟ್ಟು ನಾನು ಗಾಡಿ ಹೊಡದೆ, ಬಾಜೂಕ ಕುಂತ ಮಿಸ್ತ್ರಿ ಅಂಕಿ ನೋಡಿದ್ರು. ನಲವತ್ತು ನಿಮಿಷಕ್ಕ ಇಂಜಿನ್ 2,000 ಸುತ್ತು ತಿರಗಲಿಕತ್ತಿದ್ರೂ ಗೇರ್‌ಬಾಕ್ಸಿನ ಇನ್‌ಪುಟ್ ಸ್ಪೀಡ್ ಧಡ್ ಅಂತ ಸೊನ್ನೆಗೆ ಬಿತ್ತು. ಕೋಡ್ ಪಿ0715. ಸ್ಪೀಡ್ ಸೆನ್ಸರ್ ಕಾಯ್ದ ಕೂಡ್ಲೇ ಸುಮ್ಮಾಗ್ತಿತ್ತು. ಗೇರ್‌ಬಾಕ್ಸ್ ಎಷ್ಟು ತಿರಗ್ತದ ಅಂತ ತಿಳೀಲಿಲ್ಲಂದ್ರ ಟಿಸಿಎಂ ಗೇರ್ ಹೆಂಗ ಬದಲಿಸಬೇಕು? ಕ್ಲಚ್ ಸುಡಬಾರದಂತ ಒಂದಽ ಗೇರ್ ಹಿಡದು ನಿಲ್ತದ. ಅದು ಕೆಟ್ಟಿದ್ದಲ್ಲ, ಗೇರ್‌ಬಾಕ್ಸ್ ಉಳಿಸಿಕೊಳ್ಳೂ ರೀತಿ.

ಬಿಸಿಗೆ ಮಾಡ್ಯೂಲೂ ಕೆಡ್ತದ, ಬೋರ್ಡಿನ ಬೆಸಿಗಿ ಬಿರಕ್ ಬಿಟ್ರ. ಫರಕು ಹಿಂಗ ಹಿಡೀರಿ: ಗೇರ್ ಸಿಗಿಬಿದ್ದ ಹೊತ್ತಿನಾಗ ಸ್ಕ್ಯಾನರ್ ಟಿಸಿಎಂ ಜೋಡಿ ಮಾತಾಡ್ತಿದ್ದು ಒಂದು ಅಂಕಿ ಅಷ್ಟಽ ಸತ್ತಿದ್ರ ಸೆನ್ಸರ್ ಇಲ್ಲಾ ಅದರ ವೈರ್ ನೋಡ್ರಿ. ಟಿಸಿಎಂ ಪೂರಾ ಕೈಗೆ ಸಿಗದಂಗಾಗಿ ಯು0101 ಬಂದ್ರ ಆವಾಗ ಮಾಡ್ಯೂಲ್, ಅದರ ಕರೆಂಟು, ಅರ್ಥ್, ಅದು ಮಾತಾಡೂ ಲೈನ್ ಮ್ಯಾಲೆ ಸಂಶಯ ಪಡ್ರಿ. ತಣ್ಣಗಾದ ಮ್ಯಾಲೆ ನೋಡಿದ್ರ ಎಲ್ಲಾ ಸರಿನಽ ಕಾಣಸ್ತದ, ಕೆಟ್ಟಾಗಲೇ ನೋಡಬೇಕು. ಮತ್ತ ಕೋಡ್ ಅಳಿಸೂ ಮುಂಚೆ ಫೋಟೋ ತೆಗೀರಿ.

ಆಟೋ ಎಲೆಕ್ಟ್ರಿಷಿಯನ್, ಬಾಗಲಕೋಟೆ ನವನಗರ

ಮ್ಯಾಲಿನವರು ಹೇಳಿದ್ದು ಖರೆ, ಆದ್ರ ಪಿ0715 ಬಂತಂತ ಸೆನ್ಸರೂ ಒಮ್ಮೆಲೇ ತರಬ್ಯಾಡ್ರಿ. ಸೆನ್ಸರಿನಿಂದ ಟಿಸಿಎಂ ತನಕ ವೈರ್ ಐತಿ, ನಡುವ ಕಪ್ಲರ್ (ವೈರ್ ಜೋಡಿಸೂ ಪ್ಲಗ್) ಐತಿ. ನನ್ನ ಹತ್ತರ "ಟಿಸಿಎಂ ಹೋಗೇತಿ" ಅಂತ ಬಂದ ಗಾಡಿಗಳೊಳಗ ಭಾಳಷ್ಟಕ್ಕ ಟಿಸಿಎಂ ಹೋಗಿರಲಿಲ್ಲ. ಜ್ವಾಳದ ಸುಗ್ಗಿ ಮುಗದು ಕಣಕಿ ಬಣವಿ ಒಟ್ಟಿದ ಮ್ಯಾಲೆ ಅದರ ಬಾಜೂಕ ನಿಲ್ಲಿಸಿದ ಗಾಡ್ಯಾಗ ಇಲಿ ಹೊಕ್ಕು ವೈರ್ ಕಡಿತಾವು. ಹೊರಗಿನ ಟೇಪ್ ನೆಟ್ಟಗಽ ಇರತೈತಿ, ಒಳಗ ತಾಮ್ರ ಒಂದೆರಡು ಎಳಿ ಉಳದಿರತಾವು.

ನಾ ಮೊದಲ ಬ್ಯಾಟ್ರಿ ನೋಡ್ತೀನಿ. ಬಂದ್ ಇದ್ದಾಗ 12.6 ವೋಲ್ಟ್ ಆಸುಪಾಸು, ಇಂಜಿನ್ ಚಾಲೂ ಇದ್ದಾಗ 13.8 ರಿಂದ 14.5 ಬರಬೇಕು. ಆಮ್ಯಾಲೆ ಅರ್ಥ್: ಗಾಡಿ ಚಾಲೂ ಇಟ್ಟು, ಲೈಟು ಏಸಿ ಹಚ್ಚಿ, ಮೀಟರಿನ ಒಂದು ಕಡ್ಡಿ ಟಿಸಿಎಂ ಅರ್ಥ್ ಪಿನ್ನಿಗೆ, ಇನ್ನೊಂದು ಬ್ಯಾಟ್ರಿ ಮೈನಸ್ಸಿಗೆ. 0.1 ವೋಲ್ಟಿಗಿಂತ ಜಾಸ್ತಿ ತೋರಿಸಿದ್ರ ಅರ್ಥ್ ತಿಕ್ಕಿ ಬಿಗಿ ಮಾಡಬೇಕು. ಬರೇ ಬೀಪ್ ಸದ್ದು ಕೇಳಿ ವೈರ್ ಚಲೋ ಐತಿ ಅನ್ನಬಾರದು, ಒಂದಽ ಎಳಿ ಉಳದಿದ್ರೂ ಬೀಪ್ ಬರತೈತಿ.

ಟಿಸಿಎಂ ಮಾತೇ ನಿಂತಿದ್ರ ಬ್ಯಾಟ್ರಿ ಬಿಚ್ಚಿ ಓಬಿಡಿ ಸಾಕೆಟ್ಟಿನ (ಸ್ಕ್ಯಾನರ್ ಹಚ್ಚೂ ಜಾಗ) 6 ಮತ್ತ 14 ನೇ ಪಿನ್ ನಡುವ ಓಮ್ ಅಳೀರಿ. ಕ್ಯಾನ್ ಲೈನ್ (ಗಾಡಿ ಕಂಪ್ಯೂಟರ್‌ಗಳು ತಮ್ಮೊಳಗ ಮಾತಾಡೂ ಎರಡು ವೈರ್) ನೇರ ಆ ಪಿನ್ನಿಗೆ ಬರೂ ಗಾಡ್ಯಾಗ 60 ರ ಸನೇಕ ಬರಬೇಕು. 120 ಬಂದ್ರ ಲೈನ್ ಎಲ್ಯೋ ಹರದೈತಿ ಇಲ್ಲಾ ಒಂದು ತುದಿ ರೆಸಿಸ್ಟರ್ ಸಿಗವಲ್ದು. ಸೊನ್ನೆ ಸನೇಕ ಬಂದ್ರ ಎರಡೂ ವೈರ್ ಕೂಡ್ಯಾವು. ಕಪ್ಲರ್ ಬಿಚ್ಚಿದಾಗ ಒಳಗ ಹಸರು ಪಾಚಿ ಕಟ್ಟೇತೇನು, ಗೇರ್ ಆಯಿಲ್ ಜಿನಗೇತೇನು ನೋಡ್ರಿ. ಇದೆಲ್ಲಾ ಒಂದು ತಾಸಿನ ಕೆಲಸ. ಇದನ್ನ ಮಾಡದ 52,000 ಹೇಳೂದು ತಪ್ಪು, ಅದೂ ಡಯಾಲಿಸಿಸ್ ಪೇಶಂಟ್ ಇರೂ ಮನಿಗೆ.

ನಿಜವಾಗಿ ಮಾಡ್ಯೂಲ್ ಬದಲಿಸಿದವರು, ಬೆಳಗಾವಿ

ನನ್ನದು ನಿಜಕ್ಕೂ ಟಿಸಿಎಂ. ಮಳೆಗಾಲದಲ್ಲಿ ಖಾನಾಪುರ ರಸ್ತೆಯ ನೀರಿನಲ್ಲಿ ಗಾಡಿ ಇಳಿಸಿದ್ದೆ, ಬೋರ್ಡಿಗೆ ನೀರು ಹೊಕ್ಕಿತ್ತು. ಕರೆಂಟು, ಅರ್ಥ್, ಲೈನ್ ಮೂರೂ ಸರಿ ಇದ್ದು ಸ್ಕ್ಯಾನರಿಗೆ ಮಾತ್ರ ಉತ್ತರವಿಲ್ಲ. ಆಗಲೇ ಒಪ್ಪಿಕೊಂಡೆ.

ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಕೊಲ್ಹಾಪುರದ ಗುಜರಿಯಿಂದ ನೋಡಲು ಒಂದೇ ಥರ ಇದ್ದ ಹಳೆ ಮಾಡ್ಯೂಲ್ ತಂದು ಹಾಕಿಸಿದೆ. ಪಾರ್ಟ್ ನಂಬರಿನ ಕೊನೆಯ ಅಕ್ಷರ ಬೇರೆ ಇತ್ತು, ಒಳಗೆ ಬೇರೆ ಗಾಡಿಯ ಚಾಸಿ ನಂಬರ್ ಕುಳಿತಿತ್ತು. ಗಾಡಿ ಅದನ್ನು ಒಪ್ಪಲೇ ಇಲ್ಲ, ಹಣ ನೀರಿಗೆ ಹೋಯಿತು. ಕೊನೆಗೆ ಹೊಸದನ್ನೇ ತರಿಸಿ, ನನ್ನ ಚಾಸಿ ನಂಬರಿಗೆ ಕೋಡಿಂಗ್ ಮಾಡಿಸಿದೆ. ಕೂಡಿಸುವುದು ಅರ್ಧ ತಾಸು, ಉಳಿದ ಕೆಲಸವೆಲ್ಲ ಕೋಡಿಂಗಿನದು. ಆದ್ದರಿಂದ ರೊಕ್ಕ ಕೊಡುವ ಮುಂಚೆ "ಕೋಡಿಂಗ್ ನೀವೇ ಮಾಡುತ್ತೀರಾ, ಸಾಧನ ಇದೆಯಾ" ಎಂದು ಕೇಳಿ. ಅದು ನಡೆಯುವಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿರಲೇಬೇಕು, ನಡುವೆ ವೋಲ್ಟೇಜ್ ಬಿದ್ದರೆ ಹೊಸ ಮಾಡ್ಯೂಲೂ ಸಾಯಬಹುದು.

ಕೆಲವು ಗಾಡಿಗಳಲ್ಲಿ ಟಿಸಿಎಂ ಗೇರ್‌ಬಾಕ್ಸಿನ ಒಳಗೇ ಇರುತ್ತದೆ, ಆಗ ಆಯಿಲ್ ಇಳಿಸಬೇಕು. ಹೊರಗಿದ್ದರೆ ಚಾವಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಬ್ಯಾಟರಿ ಮೈನಸ್ ಬಿಚ್ಚಿದ ಮೇಲೆಯೇ ಕಪ್ಲರ್ ಮುಟ್ಟಬೇಕು. ಕೋಡಿಂಗ್ ಆದ ಮೇಲೆ ಕ್ಲಚ್ ಒತ್ತಡ ಕಲಿಸುವ ಅಡಾಪ್ಟೇಷನ್ ಇರುತ್ತದೆ, ಆಯಿಲ್ ಹೇಳಿದಷ್ಟು ಬಿಸಿ ಇರಬೇಕು. ನನ್ನ ಗಾಡಿ ಮೊದಲ ನಾಲ್ಕೈದು ದಿನ ಎರಡನೇ ಗೇರಿಗೆ ಸಣ್ಣಗೆ ಜಗ್ಗುತ್ತಿತ್ತು, ಆಮೇಲೆ ಹದಕ್ಕೆ ಬಂತು. ಹಳೆ ಬೋರ್ಡನ್ನೇ ರಿಪೇರಿ ಮಾಡಿಸಲು ಆಗುತ್ತದೆಯಾ ಎಂದೂ ವಿಚಾರಿಸಿ. ಅದರ ಮೆಮೊರಿ ಉಳಿದರೆ ಚಾಸಿ ನಂಬರ್ ಅದರಲ್ಲೇ ಇರುತ್ತದೆ.

ಕೇಳಿದವರು, ನಾಲ್ಕು ದಿನದ ಮ್ಯಾಲೆ

ಅಣ್ಣಾರ, ನೀವು ಹೇಳಿದಂಗ ಸ್ಕ್ಯಾನರ್ ಹಚ್ಚಿ ಕೊಲ್ಹಾರ ತನಕ ಹೋಗಿ ಬಂದ್ವಿ. ಗೇರ್ ಸಿಗಿಬಿದ್ದಾಗ ಟಿಸಿಎಂ ಮಾತಾಡ್ಲಿಕತ್ತಿತ್ತು, ಇನ್‌ಪುಟ್ ಸ್ಪೀಡ್ ಸೊನ್ನೆ, ಒಳಗ ಪಿ0715. ಅಲ್ಲೇ ರಸ್ತೆ ಬಾಜೂಕ ನಿಲ್ಲಿಸಿ ವೈರ್ ತುದಿಯಿಂದ ತುದಿಗೆ ನೋಡಿಸಿದೆ, ಇಲಿ ಮುಟ್ಟಿಲ್ಲ, ಕಪ್ಲರ್ ಒಣಗಿ ಚೊಕ್ಕ ಅದ. ಅರ್ಥ್ 0.04 ವೋಲ್ಟ್ ಬಂತು. ಸೆನ್ಸರ್ ಹೊರಗಿನಿಂದಽ ಬಿಚ್ಚೂ ಥರ ಅದ, ಗುರುವಾರ ಬರ್ತದ. ಅಲ್ಲಿ ತನಕ ಅವ್ವನ್ನ ತಮ್ಮನ ಗಾಡ್ಯಾಗ ಕರಕೊಂಡು ಹೋಗ್ತೀನಿ. ಹಾಕಿಸಿ ಮಧ್ಯಾಹ್ನ ಬಿಸಿಲಾಗ ಓಡಿಸಿ ನೋಡಿ ಇಲ್ಲೇ ಬರೀತೀನಿ.