ಪಿಟಿಒ ಶಾಫ್ಟ್‌ಗೆ ಜರ್ಕಿನ್ ಸುತ್ತಿಕೊಂಡಿತು, ಕವರ್ ಇದ್ದರೂ ಹೇಗೆ?

ನಾಪೋಕ್ಲು ತೋಟ
ಮೆಣಸಿನ ಬಳ್ಳಿಗೆ ಮಳೆಗೆ ಮುಂಚಿನ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುತ್ತಿದ್ದೆ. ಟ್ರ್ಯಾಕ್ಟರ್ ಹಿಂದೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪ್, ಪಿಟಿಒದಲ್ಲಿ (ಇಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗುವ ಶಾಫ್ಟ್) ಓಡುತ್ತದೆ. ಡ್ರಮ್ಮಿನ ಫಿಲ್ಟರ್ ಕಟ್ಟಿದೆಯಾ ಅಂತ ಬಗ್ಗಿ ನೋಡಿದ ಕೆಲಸದ ಹುಡುಗನ ಜರ್ಕಿನ್ ದಾರ ಶಾಫ್ಟ್‌ಗೆ ಸುತ್ತಿತು. ಜರ್ಕಿನ್ ಹಳೇದು, ಹರಿದು ಬಂತು. ಕುತ್ತಿಗೆಯಲ್ಲಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಶಾಫ್ಟ್ ಮೇಲೆ ಪ್ಲಾಸ್ಟಿಕ್ ಕವರ್ ಇತ್ತು. ಕವರ್ ಮಾತ್ರ ಬದಲಾಯಿಸಿದರೆ ಸಾಕಾ, ಶಾಫ್ಟೇ ಹೊಸದು ಬೇಕಾ?

ಗೋಣಿಕೊಪ್ಪ ಟ್ರ್ಯಾಕ್ಟರ್ ರಿಪೇರಿ
ಮೊದಲು ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಕವರನ್ನು ಕೈಯಲ್ಲಿ ತಿರುಗಿಸಿ. ಒಳಗಿನ ಶಾಫ್ಟ್ ಅಲುಗಾಡದೆ ಕವರ್ ಮಾತ್ರ ಸಲೀಸಾಗಿ ತಿರುಗಬೇಕು. ಎರಡೂ ಒಟ್ಟಿಗೆ ತಿರುಗಿದರೆ ಅದು ಕವರ್ ಇಲ್ಲದ ಲೆಕ್ಕವೇ. ಅಷ್ಟೇ ಅಲ್ಲ, ಕವರ್ ಇದೆ ಅಂತ ಜನ ಧೈರ್ಯವಾಗಿ ಹತ್ತಿರ ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು.

ಕವರಿನ ಎರಡೂ ತುದಿಯಲ್ಲಿ ನೈಲಾನ್ ಬೇರಿಂಗ್ ರಿಂಗ್ ಇರುತ್ತದೆ, ಯೋಕ್‌ನ (ಶಾಫ್ಟ್ ತುದಿಯ ಕವಲಿನಂಥ ಭಾಗ) ತೋಡಿನಲ್ಲಿ ಕೂರುವಂಥದ್ದು. ಬೋರ್ಡೋ ಕೆಲಸದಲ್ಲಿ ಮೈಲುತುತ್ತ, ಸುಣ್ಣ ಸಿಡಿದು ಅಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಗ್ರೀಸ್ ಕಾಣದೆ ಒಂದು ಸೀಸನ್ ಕಳೆದರೆ ಸಾಕು, ರಿಂಗ್ ಹಿಡಿದುಬಿಡುತ್ತದೆ. ಇನ್ನೊಂದು, ಆ ಸಣ್ಣ ಚೈನ್. ಎರಡೂ ತುದಿಯ ಚೈನನ್ನು ಟ್ರ್ಯಾಕ್ಟರಿನ ಮತ್ತು ಪಂಪಿನ ಅಲುಗದ ಭಾಗಕ್ಕೆ ಕೊಕ್ಕೆ ಹಾಕಬೇಕು. ಕವರ್ ಸುತ್ತದಂತೆ ಹಿಡಿದಿಡುವುದು ಅದೇ. ನಮ್ಮ ಕಡೆ ಬರುವ ಹತ್ತು ಗಾಡಿಯಲ್ಲಿ ಚೈನ್ ಕಿತ್ತು ಎಸೆದಿರುವುದೇ ಹೆಚ್ಚು.

ಇನ್ನು ಶಾಫ್ಟ್ ಕಳಚದಂತೆ ಹಿಡಿಯುವ ಲಾಕ್ ಪಿನ್. ಸ್ಪ್ರಿಂಗ್ ಪಿನ್ ಹೋದಾಗ ನಟ್-ಬೋಲ್ಟ್ ಹಾಕುತ್ತಾರೆ, ಬೋಲ್ಟಿನ ತುದಿ ಅರ್ಧ ಇಂಚು ಹೊರಗೆ ಚಾಚಿರುತ್ತದೆ. ದಾರ, ಪಂಚೆ ಅಂಚು, ಸೀರೆ ಸೆರಗು ಮೊದಲು ಕಚ್ಚುವುದು ಅಲ್ಲಿಗೇ. ನಿಮ್ಮದನ್ನು ಬೆರಳಿಟ್ಟು ಸವರಿ ನೋಡಿ.

ಕವರ್ ಸೆಟ್ ಬೇರೆಯಾಗಿ ಸಿಗುತ್ತದೆ. ಕ್ರಾಸ್‌ನಲ್ಲಿ (ಎರಡು ಯೋಕ್ ಸೇರಿಸುವ ಕೀಲು) ಆಟ ಇಲ್ಲದಿದ್ದರೆ, ಒಳಗಿನ ಎರಡು ಪೈಪ್ ನೇರ ಇದ್ದರೆ ಶಾಫ್ಟ್ ಬದಲಾಯಿಸಬೇಕಿಲ್ಲ. ಕೊಳ್ಳುವಾಗ ಉದ್ದ ಅಳೆದು ಹೋಗಿ. ಟ್ರ್ಯಾಕ್ಟರಿನ ಕಡೆ ಸ್ಟಬ್ (ಶಾಫ್ಟ್ ಕೂರುವ ಹೊರಚಾಚಿದ ತುದಿ) ಮೇಲಿನ ಕಬ್ಬಿಣದ ತಗಡು ಕೂಡ ಇದೆಯಾ ನೋಡಿ. ಅದನ್ನು ಬಿಚ್ಚಿ ಶೆಡ್ ಮೂಲೆಗೆ ಹಾಕಿದವರೇ ಹೆಚ್ಚು.

ಬಾಣೆ ಕೆಲಸ
ಕವರ್ ಹಾಕಿದರೆ ಗ್ರೀಸ್ ಹೊಡೆಯೋಕೆ ಆಗಲ್ಲ, ಅದಕ್ಕೇ ಎಲ್ಲರೂ ತೆಗೆಯೋದು. ಎಚ್ಚರ ಇದ್ದರೆ ಸಾಕಲ್ವಾ?

ಗೋಣಿಕೊಪ್ಪ ಟ್ರ್ಯಾಕ್ಟರ್ ರಿಪೇರಿ
ಗ್ರೀಸ್ ನಿಪ್ಪಲ್‌ಗೆ ಕವರಿನಲ್ಲಿ ತೂತು ಬಿಟ್ಟಿರುತ್ತಾರೆ. ತೂತು ಇಲ್ಲದಿದ್ದರೆ ಕ್ಲಿಪ್ ಬಿಚ್ಚಿ ಕವರ್ ಹಿಂದಕ್ಕೆ ಸರಿಸಿ. 8 ಗಂಟೆ ಓಡಿದ ಮೇಲೆ ಒಂದು ಸಲ, ಎರಡು ನಿಮಿಷದ ಕೆಲಸ.

ಎಚ್ಚರದ ಲೆಕ್ಕ ಹೇಳುತ್ತೇನೆ. ಪಿಟಿಒ ವೇಗ 540 ಆರ್‌ಪಿಎಂ (ನಿಮಿಷಕ್ಕೆ 540 ಸುತ್ತು) ಅಂದರೆ ಸೆಕೆಂಡಿಗೆ 9 ಸುತ್ತು. ಯೋಕ್ 10 ಸೆಂ.ಮೀ. ದಪ್ಪ ಇದ್ದರೆ ಒಂದು ಸುತ್ತಿಗೆ 31 ಸೆಂ.ಮೀ. ಬಟ್ಟೆ ಒಳಗೆ, ಸೆಕೆಂಡಿಗೆ ಹತ್ತಿರ ಹತ್ತಿರ 2.8 ಮೀಟರ್. "ಅಯ್ಯೋ" ಅನ್ನುವಷ್ಟರಲ್ಲಿ ಇಡೀ ತೋಳು ಹೋಗಿರುತ್ತದೆ. ಜರ್ಕಿನ್ ಹೊಸದಾಗಿದ್ದರೆ ಹರಿಯುತ್ತಿರಲಿಲ್ಲ, ಅದನ್ನೂ ಯೋಚಿಸಿ.

ಸೋಮವಾರಪೇಟೆ ಗುಡ್ಡ
ಆ ಹುಡುಗ ಬಗ್ಗಿದ್ದೇಕೆ ಅನ್ನುವುದನ್ನೂ ನೋಡಿ. ಫಿಲ್ಟರ್ ಕಟ್ಟಿದ್ದು ಸುಣ್ಣದಿಂದ. 1 ಕೆ.ಜಿ. ಮೈಲುತುತ್ತ 50 ಲೀಟರಿಗೆ, 1 ಕೆ.ಜಿ. ಸುಣ್ಣ 50 ಲೀಟರಿಗೆ ಕರಗಿಸುವಾಗ ಸುಣ್ಣದ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿದರೆ ಕಟ್ಟುವುದು ತುಂಬಾ ಕಡಿಮೆ. ಸಕ್ಷನ್ ಪೈಪ್ 3 ಮೀಟರ್ ಹಾಕಿ ಡ್ರಮ್ಮನ್ನು ಶಾಫ್ಟಿನ ಪಕ್ಕದಿಂದ ಆಚೆ ಇಟ್ಟರೆ ಯಾರೂ ಅದರ ಹತ್ತಿರ ಹೋಗಬೇಕಾಗಿಯೇ ಇಲ್ಲ. ಶಾಫ್ಟ್ ದಾಟಿ ಆ ಕಡೆ ಹೋಗುವ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ, ಗಾಡಿಯ ಮುಂದಿನಿಂದ ಸುತ್ತಿ ಬರಲಿ.

ನಮ್ಮ ಇಳಿಜಾರಿಗೆ ಒಂದು ಮಾತು: ಪಿಟಿಒ ಓಡುವಾಗ ಗಾಡಿ ನ್ಯೂಟ್ರಲ್‌ನಲ್ಲಿರುತ್ತದೆ, ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಒಂದೇ. ಎರಡು ಬ್ರೇಕ್ ಪೆಡಲಿಗೆ ಲಾಕ್ ಪಟ್ಟಿ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ಇಳಿಜಾರಿನ ಕಡೆ ಮರದ ತುಂಡು ಕೊಡಿ. ಉರುಟು ಕಲ್ಲು ಬೇಡ, ಮಳೆಗೆ ಜಾರುತ್ತದೆ. ಪೈಪ್ ಹಿಡಿದವರು 100 ಮೀಟರ್ ಕೆಳಗೆ ಕಾಫಿ ಗಿಡಗಳ ನಡುವೆ ಇರುತ್ತಾರೆ, ಕೂಗಿದರೆ ಇಂಜಿನ್ ಸದ್ದಿಗೆ ಕೇಳಿಸಲ್ಲ. ಅವರಿಗೂ ಪಂಪಿನ ಹತ್ತಿರ ಇರುವವರಿಗೂ ಸೀಟಿ ಕೊಡಿ, ಕೊರಳಿಗೆ ಮಾತ್ರ ಕಟ್ಟಬೇಡಿ, ದಾರದ ಕಥೆಯೇ ಅಲ್ಲವೇ ಇದು! ಜೇಬಿನಲ್ಲಿರಲಿ. ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಓಡಿಸು.

ನಾಪೋಕ್ಲು ತೋಟ
ನೋಡಿದೆ. ಕವರ್ ಶಾಫ್ಟಿನ ಜೊತೆಗೇ ತಿರುಗುತ್ತದೆ, ಚೈನ್ ಒಂದೂ ಇಲ್ಲ. ಪಿನ್ ಜಾಗದಲ್ಲಿ ಬೋಲ್ಟ್. ನಿಜವಾಗಿ ಸಿಕ್ಕಿಕೊಂಡರೆ ಮೊದಲು ಏನು ಮಾಡಬೇಕು?

ಗೋಣಿಕೊಪ್ಪ ಟ್ರ್ಯಾಕ್ಟರ್ ರಿಪೇರಿ
ಇಂಜಿನ್ ನಿಲ್ಲಿಸುವ ಸ್ಟಾಪ್ ನಾಬ್ ಎಳೆಯಿರಿ, ಅದು ಎಲ್ಲಿದೆ ಅಂತ ಕೆಲಸದವರೆಲ್ಲರಿಗೂ ತೋರಿಸಿಟ್ಟಿರಿ. ಇಂಜಿನ್ ಹಾಕಿ ಬಿಡಿಸಲು ಹೋಗಬೇಡಿ. ಬಟ್ಟೆ ಕತ್ತರಿಸಿ, ರಕ್ತ ಬಂದರೆ ಒಣ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, 108ಕ್ಕೆ ಕರೆ ಮಾಡಿ. ತೋಟದೊಳಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಮತ್ತೆ ಆ ಬೋಲ್ಟ್ ಇವತ್ತೇ ತೆಗೆಸಿ, ಕವರ್ ಬರುವವರೆಗೂ ಶಾಫ್ಟ್ ಕಳಚಿಡಿ.