ಸ್ಯಾಸ್ ಅಡ್ವಾನ್ಸ್ಡ್ ಕೋರ್ಸಿಗೆ 38 ಸಾವಿರ ಕೊಡಬಹುದಾ? ಪುಣೆಯವರು ಹೇಳಿ

ವಾಕಡ್ ವಾಸಿ
ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಕೆಲಸ ಹಿಂಜವಡಿಯಲ್ಲಿ. ಮೂರು ವರ್ಷದಿಂದ ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್ ಆದ ಸ್ಯಾಸ್‌ನಲ್ಲೇ ಇದ್ದೇನೆ, ಇನ್ಶೂರೆನ್ಸ್ ಕ್ಲೇಮ್ ಡೇಟಾ. ಬೇಸ್ ಚೆನ್ನಾಗಿ ಬರುತ್ತದೆ, ಮ್ಯಾಕ್ರೋ ಸುಮಾರಾಗಿ. ಈಗ ನಮ್ಮ ಟೇಬಲ್ 4 ಕೋಟಿ ಸಾಲು ದಾಟಿದೆ, ರಾತ್ರಿ ಓಡುವ ಪ್ರೋಗ್ರಾಂ ಮೂರೂವರೆ ಗಂಟೆ ತಗೊಳ್ಳುತ್ತದೆ, ವಾರಕ್ಕೊಮ್ಮೆಯಾದರೂ ವರ್ಕ್ ಲೈಬ್ರರಿ (ತಾತ್ಕಾಲಿಕ ಟೇಬಲುಗಳ ಜಾಗ) ತುಂಬಿ ಮಧ್ಯದಲ್ಲೇ ನಿಂತುಹೋಗುತ್ತದೆ, ಬೆಳಿಗ್ಗೆ ಎದ್ದು ಫೋನ್ ನೋಡೋಕೇ ಭಯ. ಇಲ್ಲೊಂದು ಕ್ಲಾಸಿನವರು ನಾಲ್ಕು ಶನಿವಾರದ ಅಡ್ವಾನ್ಸ್ಡ್ ಟ್ರೇನಿಂಗಿಗೆ 38 ಸಾವಿರ ಹೇಳಿದ್ದಾರೆ. ನಮ್ಮನೆಯವರು ಯೂಟ್ಯೂಬ್ ನೋಡಿ ಕಲಿ ಅಂತಾರೆ. ಯಾರಾದರೂ ಇಂಥ ಕೋರ್ಸ್ ಮಾಡಿದ್ದೀರಾ?

ಡೊಂಬಿವಲಿ ಲೋಕಲ್
ಮೊದಲು ಪ್ರೋಗ್ರಾಂ ತಲೆಯ ಮೇಲೆ ಆಪ್ಷನ್ಸ್ ಫುಲ್‌ಸ್ಟೈಮರ್ ಅಂತ ಒಂದು ಸಾಲು ಹಾಕಿ ಓಡಿಸಿ. ಪ್ರತಿ ಸ್ಟೆಪ್ಪಿನ ರಿಯಲ್ ಟೈಮ್, ಸಿಪಿಯು ಟೈಮ್, ಮೆಮೊರಿ ಎಲ್ಲ ಲಾಗ್‌ನಲ್ಲಿ ಬರುತ್ತದೆ. ರಿಯಲ್ ಟೈಮ್ 50 ನಿಮಿಷ, ಸಿಪಿಯು 6 ನಿಮಿಷ ಅಂತಿದ್ದರೆ ಹೆಚ್ಚಾಗಿ ಡಿಸ್ಕ್‌ಗೆ ಓದಿ ಬರೆಯುವುದರಲ್ಲೇ ಹೊತ್ತು ಹೋಗ್ತಿದೆ ಅಂತ ಲೆಕ್ಕ. ಅದನ್ನು ನೋಡದೆ ಕೋರ್ಸಿಗೆ ಸೇರಿದರೆ ಅವರು ಹತ್ತು ಟ್ರಿಕ್ ಹೇಳಿಕೊಡುತ್ತಾರೆ, ನಿಮಗೆ ಬೇಕಾದ್ದು ಯಾವುದು ಅಂತ ಗೊತ್ತಾಗಲ್ಲ.

ವಾಕಡ್ ವಾಸಿ
ನಿನ್ನೆ ರಾತ್ರಿ ಹಾಕಿ ನೋಡಿದೆ. ಎರಡು ಪ್ರೊಕ್ ಸಾರ್ಟ್ (ಸಾಲುಗಳನ್ನು ಕ್ರಮಕ್ಕೆ ಜೋಡಿಸುವ ಸ್ಟೆಪ್) ಇವೆ, ಒಂದೊಂದಕ್ಕೆ 55 ನಿಮಿಷ! ಫೈಲ್ ಬರುವಾಗ ಪಾಲಿಸಿ ನಂಬರ್ ಕ್ರಮದಲ್ಲೇ ಇರುತ್ತದೆ. ಆಸ್ಪತ್ರೆ ಹೆಸರು ಸೇರಿಸಲು 9 ಸಾವಿರ ಸಾಲಿನ ಇನ್ನೊಂದು ಟೇಬಲ್ ಜೊತೆ ಮರ್ಜ್ ಮಾಡಬೇಕು, ಅದಕ್ಕೆ ಆಸ್ಪತ್ರೆ ಕೋಡ್ ಮೇಲೆ ಸಾರ್ಟ್, ಆಮೇಲೆ ವಾಪಸ್ ಪಾಲಿಸಿ ನಂಬರ್ ಮೇಲೆ ಸಾರ್ಟ್.

ಕೋಥರೂಡ್ ಕಾಕಾ
ಅಯ್ಯೋ ತಂಗಿ, ಇದು ಮದುವೆಗೆ ಬಂದವರನ್ನೆಲ್ಲ ಹೆಸರಿನ ಕ್ರಮದಲ್ಲಿ ಪಂಕ್ತಿಗೆ ಕೂರಿಸಿ, ಉಪ್ಪು ಬಡಿಸಿ, ಮತ್ತೆ ಎಬ್ಬಿಸಿ ಮೊದಲಿನ ಜಾಗಕ್ಕೆ ಕಳಿಸಿದ ಹಾಗಾಯಿತು. ಕೂತಲ್ಲಿಗೇ ಉಪ್ಪು ತಗೊಂಡು ಹೋಗಿ. ಆ 9 ಸಾವಿರ ಸಾಲನ್ನು ಹ್ಯಾಶ್ ಆಬ್ಜೆಕ್ಟ್‌ಗೆ (ಮೆಮೊರಿಯಲ್ಲಿಡುವ ಹುಡುಕು ಪಟ್ಟಿ) ತುಂಬಿ, ಡೇಟಾ ಸ್ಟೆಪ್ಪಿನ (ಟೇಬಲನ್ನು ಸಾಲು ಸಾಲಾಗಿ ಓದುವ ಭಾಗ) ಮೊದಲ ಸುತ್ತಿನಲ್ಲಿ ಒಂದೇ ಸಲ ಡಿಕ್ಲೇರ್ ಮಾಡಿದರೆ ಸಾಕು, ಅದು ಮೆಮೊರಿಯಲ್ಲೇ ಕೂತಿರುತ್ತದೆ, ದೊಡ್ಡ ಟೇಬಲಿನ ಒಂದೊಂದು ಸಾಲು ಬಂದಾಗ ಫೈಂಡ್ ಅಂದರೆ ಹೆಸರು ಸಿಗುತ್ತದೆ. ಎರಡೂ ಸಾರ್ಟ್ ಬೇಡ.

ಇನ್ನೊಂದು. ಎಲ್ಲಾದರೂ ಕ್ಯಾಟ್‌ಎಕ್ಸ್ (ಪದಗಳನ್ನು ಜೋಡಿಸುವ ಫಂಕ್ಷನ್) ಬಳಸಿ ಲೆಂಗ್ತ್ (ಕಾಲಂಗೆ ಎಷ್ಟು ಬೈಟ್ ಅಂತ) ಕೊಡದೆ ಬಿಟ್ಟಿದ್ದೀರಾ ನೋಡಿ. ಡೇಟಾ ಸ್ಟೆಪ್ಪಿನಲ್ಲಿ ಹಾಗೆ ಬಿಟ್ಟರೆ ಕಾಲಂಗೆ 200 ಬೈಟ್ ಸಿಗುತ್ತದೆ. 4 ಕೋಟಿ ಸಾಲಿಗೆ ಒಂದೇ ಕಾಲಂ 8 ಜಿಬಿ, ಒಳಗಿರೋದು ಹನ್ನೆರಡು ಅಕ್ಷರ. ವರ್ಕ್ ತುಂಬದೆ ಇನ್ನೇನಾಗುತ್ತದೆ?

ಆದರೆ ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ತಾರೀಖಿನ ಕಾಲಂಗೆ ಲೆಂಗ್ತ್ 3 ಕೊಡಬೇಡಿ. ನಾನು ಕೊಟ್ಟಿದ್ದೆ. ಸ್ಯಾಸ್ ತಾರೀಖು ಅಂದರೆ 1960ರ ಜನವರಿ 1ರಿಂದ ಎಣಿಸಿದ ದಿನ, ವಿಂಡೋಸ್, ಯುನಿಕ್ಸ್‌ನಲ್ಲಿ 3 ಬೈಟಿಗೆ 8192ರವರೆಗಿನ ಪೂರ್ಣಾಂಕ ಮಾತ್ರ ನಂಬಬಹುದು, ಅಂದರೆ 1982ರ ಜೂನ್‌ವರೆಗೆ. 2024ರ ಜನವರಿ 1 ಅಂದರೆ 23376, ಅದು ಸರಿಯಾಗಿ ಉಳಿಯುತ್ತದೆ. 2, 3, 4ನೇ ತಾರೀಖು ಮೂರೂ ಜನವರಿ 1 ಆಗಿಬಿಡುತ್ತವೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಎರಡು ತಿಂಗಳ ರಿಪೋರ್ಟ್ ಹಾಗೇ ಹೋಗಿತ್ತು, ಮ್ಯಾನೇಜರ್ ಮುಂದೆ ನಿಂತದ್ದು ಈಗಲೂ ನೆನಪಿದೆ. ತಾರೀಖಿಗೆ 4 ಬೈಟ್ ಕೊಡಿ, ಅಲ್ಲಿ ಏನೂ ಕೆಡುವುದಿಲ್ಲ.

ಮಡಗಾಂವ್ ಮಳೆ
ಸುಮ್ನೆ ಡೇಟಾ ವಿಶ್ಲೇಷಣೆಯ ಇನ್ನೊಂದು ಭಾಷೆ ಆರ್‌ಗೆ ಬನ್ನಿ, ಡೇಟಾ ಡಾಟ್ ಟೇಬಲ್ ಪ್ಯಾಕೇಜ್ ಉಚಿತ, ಕಾಲಂ ಬದಲಿಸುವಾಗ ಟೇಬಲಿನ ಇನ್ನೊಂದು ಪ್ರತಿ ಮಾಡಲ್ಲ, ಫಾಸ್ಟ್.

ಡೊಂಬಿವಲಿ ಲೋಕಲ್
@ಮಡಗಾಂವ್ ಮಳೆ ಮಾರಾಯ್ರೇ, ಅಲ್ಲಿ ಇಡೀ ಟೇಬಲ್ ಮೆಮೊರಿಯಲ್ಲಿ ಹಿಡಿಸಬೇಕಲ್ವಾ? ಡೇಟಾ ಸ್ಟೆಪ್ ಡಿಸ್ಕ್‌ನಿಂದ ಸಾಲು ಸಾಲಾಗಿ ಓದುತ್ತದೆ, ಟೇಬಲ್ ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ. ಮೇಲಾಗಿ ಆಫೀಸಿನವರು ಸಾಫ್ಟ್‌ವೇರ್ ಬದಲಿಸೋದು ಇವರ ಕೈಯಲ್ಲಿಲ್ಲ.

ಕೋರ್ಸ್ ವಿಷಯ: ನಾನು ಮುಂಬೈಯಲ್ಲಿ ಒಂದು ಮಾಡಿದ್ದೆ, ಅರ್ಧ ದುಡ್ಡು ದಂಡ. ಎಲ್ಲ ಉದಾಹರಣೆಯೂ 19 ಸಾಲಿನ ಟೇಬಲ್ ಮೇಲೆ, ಅಲ್ಲಿ ಏನು ಬರೆದರೂ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದು ಕೋಟಿ ಸಾಲಿನ ಡಮ್ಮಿ ಡೇಟಾ ಮೇಲೆ ಕಲಿಸ್ತೀರಾ, ನನ್ನ ಲಾಗ್ ತಂದರೆ ಕೂತು ನೋಡ್ತೀರಾ ಅಂತ ಕೇಳಿ. ಹೌದು ಅಂದರೆ ಕೊಡಿ. ಬರೀ ಅಭ್ಯಾಸಕ್ಕಾದರೆ ಸ್ಯಾಸ್‌ನವರದೇ ಆನ್‌ಡಿಮ್ಯಾಂಡ್ ಫಾರ್ ಅಕಾಡೆಮಿಕ್ಸ್ ಇದೆ, ಬ್ರೌಸರಿನಲ್ಲೇ ಓಡುತ್ತದೆ, ಉಚಿತ. ಆಫೀಸ್ ಡೇಟಾ ಮಾತ್ರ ಅಲ್ಲಿಗೆ ಏರಿಸಬೇಡಿ.

ವಾಕಡ್ ವಾಸಿ
ಕಾಕಾ, ನಿಮ್ಮ ಕೈಗೆ ಒಂದು ಪ್ಲೇಟ್ ಧಾರವಾಡ ಪೇಡಾ! ಸಾರ್ಟ್ ಎರಡೂ ತೆಗೆದೆ, ಕ್ಯಾಟ್‌ಎಕ್ಸ್ ಮೂರು ಕಡೆ ಸಿಕ್ಕಿತು, ನಿನ್ನೆ 1 ಗಂಟೆ 10 ನಿಮಿಷಕ್ಕೆ ಮುಗಿದಿದೆ. ಕ್ಲಾಸಿನವರಿಗೆ ಫೋನ್ ಮಾಡಿ ಲಾಗ್ ವಿಷಯ ಕೇಳಿದೆ, ಸಿಲಬಸ್‌ನಲ್ಲಿ ಇಲ್ಲ ಅಂದರು. ದುಡ್ಡು ಸದ್ಯಕ್ಕೆ ಉಳಿಯಿತು.

ಲೆಂಗ್ತ್ 3 ಅಂತಲೂ ಹುಡುಕಿದೆ, ಒಂದು ಕಡೆ ಸಿಕ್ಕಿ ಎದೆ ಧಸಕ್ಕೆಂದಿತು. ನೋಡಿದರೆ ವಯಸ್ಸಿನ ಕಾಲಂ. 8192 ವರ್ಷ ದಾಟಿದ ಪಾಲಿಸಿದಾರರು ನಮ್ಮಲ್ಲಿ ಇಲ್ಲ.